ತರಬೇತಿ ಮುಗಿಯಿತು, ಉಗ್ರಾಣದಲ್ಲಿ ಏನು ಬದಲಾಯಿತು? ಔಷಧ ಸರಬರಾಜು ನೋಡಿಕೊಳ್ಳುವವರ ನಾಯಕತ್ವ ತರಬೇತಿಯನ್ನು ಅಳೆಯುವ ಬಗೆ

ಎರಡು ದಿನದ ತರಬೇತಿಯ ಕೊನೆಯ ಅರ್ಧ ಗಂಟೆ. ಬಸ್ಸು ಹಿಡಿಯಬೇಕಾದವರು ಆಗಲೇ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಾರೆ. ಆಗ ಒಂದು ಹಾಳೆ ಬರುತ್ತದೆ. ತರಬೇತಿ ಹೇಗಿತ್ತು? 1ರಿಂದ 5ರೊಳಗೆ ಅಂಕ ಕೊಡಿ. ಎಲ್ಲರೂ 4 ಅಥವಾ 5 ಹಾಕಿ, ಟಿಎ-ಡಿಎ ಫಾರಂ ಜೊತೆಗೇ ಕೊಟ್ಟು ಹೊರಡುತ್ತಾರೆ. ಮುಂದಿನ ವಾರ ವರದಿ ತಯಾರಾಗುತ್ತದೆ. 'ತರಬೇತಿ ಯಶಸ್ವಿಯಾಯಿತು.'

ಅಂಥ ವರದಿ ನಾನೂ ಬರೆದಿದ್ದೇನೆ. ಹಾಗೆ ಒಳ್ಳೆ ಅಂಕ ಬಂದ ಒಂದು ತರಬೇತಿ ಮುಗಿದು ಮೂರು ತಿಂಗಳಾದ ಮೇಲೆ ಒಂದು ತಾಲ್ಲೂಕಿನ ಔಷಧ ಕೋಣೆಗೆ ಹೋಗಿದ್ದೆ. ಗೋಡೆಯ ಮೇಲೆ ನಮ್ಮ ಪ್ರಮಾಣಪತ್ರ, ಲ್ಯಾಮಿನೇಷನ್ ಮಾಡಿಸಿದ್ದು. ಅದರ ಕೆಳಗೆ ಅವಧಿ ಮುಗಿದ ಓಆರ್‌ಎಸ್ ಪೊಟ್ಟಣಗಳ ರಟ್ಟಿನ ಪೆಟ್ಟಿಗೆಗಳು. ಅದೇ ಓಆರ್‌ಎಸ್ ಪಕ್ಕದ ತಾಲ್ಲೂಕಿನಲ್ಲಿ ಖಾಲಿಯಾಗಿ ಹದಿನೈದು ದಿನವಾಗಿತ್ತು. ಅಲ್ಲಿದ್ದ ಫಾರ್ಮಸಿಸ್ಟ್ ಸೋಮಾರಿಯಲ್ಲ, ಲೆಕ್ಕ ಅಚ್ಚುಕಟ್ಟಾಗಿ ಇಟ್ಟಿದ್ದರು. "ಪಕ್ಕದವರಿಗೆ ಕೊಡ್ಬಹುದು ಅಂತ ನನಗೂ ಗೊತ್ತಿತ್ತು ಮೇಡಂ. ಆದ್ರೆ ಆರ್ಡರ್ ಯಾರು ಮಾಡ್ಬೇಕು?" ಅಂದರು.

ನಾಯಕತ್ವ ತರಬೇತಿ ಉತ್ತರ ಕೊಡಬೇಕಾಗಿದ್ದದ್ದು ಆ ಒಂದು ಪ್ರಶ್ನೆಗೆ. ನಮ್ಮ ಹಾಳೆಯಲ್ಲಿ ಮಾತ್ರ ಊಟ ಹೇಗಿತ್ತು ಎಂಬ ಪ್ರಶ್ನೆ ಇತ್ತು.

ಜಿಲ್ಲೆ ಅಥವಾ ರಾಜ್ಯ ಮಟ್ಟದಲ್ಲಿ ಇಂಥ ತರಬೇತಿ ಏರ್ಪಡಿಸುವವರಿಗೆ, ಅದಕ್ಕೆ ಹಣ ಕೊಡುವ ಸಂಸ್ಥೆಗಳಿಗೆ, ಮೌಲ್ಯಮಾಪನದ ಕೆಲಸ ತಲೆಗೆ ಬಿದ್ದವರಿಗೆ ಈ ಬರಹ. ದೊಡ್ಡ ಬಜೆಟ್ ಬೇಕಿಲ್ಲ. ರಿಜಿಸ್ಟರ್ ಓದುವ ತಾಳ್ಮೆ ಇದ್ದರೆ ಸಾಕು.

ಹೆಜ್ಜೆ 1: ನಾಯಕತ್ವ ಅಂದರೆ ಯಾವ ಕೆಲಸ ಅಂತ ಬರೆದುಕೊಳ್ಳಿ

'ಆತ್ಮವಿಶ್ವಾಸ ಹೆಚ್ಚುವುದು', 'ದೂರದೃಷ್ಟಿ ಬೆಳೆಯುವುದು' ಅಂತ ಗುರಿ ಬರೆದರೆ ಯಾರೂ ಅಳೆಯಲಾರರು. ತರಬೇತಿಯ ಪಾಠಪಟ್ಟಿ ಕೈಗೆತ್ತಿಕೊಳ್ಳಿ. ಪ್ರತಿ ಪಾಠದ ಮುಂದೆ ಒಂದೇ ಪ್ರಶ್ನೆ ಹಾಕಿ: ಇದನ್ನು ಕಲಿತವರು ಸೋಮವಾರ ಕೆಲಸಕ್ಕೆ ಹೋದಾಗ ಏನನ್ನು ಬೇರೆ ರೀತಿ ಮಾಡಬೇಕು?

ಔಷಧ ಸರಬರಾಜಿನಲ್ಲಿ ಉತ್ತರಗಳು ಹೀಗಿರುತ್ತವೆ. ಆರು ತಿಂಗಳೊಳಗೆ ಅವಧಿ ಮುಗಿಯುವ ಸರಕಿನ ಪಟ್ಟಿ ಮಾಡಿ, ಬೇಕಾದ ಕಡೆಗೆ ಕಳಿಸಲು ತಾವಾಗಿಯೇ ಪ್ರಸ್ತಾವ ಇಡುವುದು. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ (ಪಿಎಚ್‌ಸಿ) ಬಂದ ಇಂಡೆಂಟನ್ನು, ಅಂದರೆ ಬೇಡಿಕೆ ಪಟ್ಟಿಯನ್ನು, ಹಾಗೇ ಕೂಡಿಸಿ ಮೇಲಕ್ಕೆ ಕಳಿಸದೆ, ಕಳೆದ ತಿಂಗಳುಗಳ ಬಳಕೆಯ ಜೊತೆ ಹೋಲಿಸಿ ನೋಡುವುದು. ಕೊರತೆ ಬರುತ್ತದೆ ಅಂತ ಗೊತ್ತಾದ ಕೂಡಲೇ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಓ) ಅವರಿಗೆ ತಿಳಿಸುವುದು, ಅದೂ ಬರಹದಲ್ಲಿ. ಲಸಿಕೆ ಇಡುವ ಫ್ರಿಜ್ (ಐಎಲ್‌ಆರ್) ಕೆಟ್ಟರೆ ರಿಪೇರಿಯವರು ಬರುವ ತನಕ ಲಸಿಕೆ ಎಲ್ಲಿಗೆ ಹೋಗಬೇಕು ಅಂತ ಮೊದಲೇ ಗೊತ್ತುಮಾಡಿ ಗೋಡೆಗೆ ಅಂಟಿಸಿರುವುದು.

ಇಂಥ ಐದಾರು ಕೆಲಸ ಸಿಕ್ಕರೆ ಸಾಕು. ಒಂದೂ ಸಿಗದಿದ್ದರೆ ತೊಂದರೆ ಇರುವುದು ಪಾಠಪಟ್ಟಿಯಲ್ಲೇ. ಮೌಲ್ಯಮಾಪನಕ್ಕೆ ಖರ್ಚು ಮಾಡುವ ಮೊದಲು ಅದನ್ನು ಸರಿಮಾಡಿ.

ಹೆಜ್ಜೆ 2: ನಾಲ್ಕು ಮೆಟ್ಟಿಲು, ಬೇಗ ಹತ್ತಿ

1959ರಲ್ಲಿ ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ತರಬೇತಿಯನ್ನು ಅಳೆಯಲು ನಾಲ್ಕು ಮೆಟ್ಟಿಲು ಹೇಳಿದರು. ಬಂದವರಿಗೆ ಇಷ್ಟವಾಯಿತಾ, ಅವರು ಏನಾದರೂ ಕಲಿತರಾ, ಕೆಲಸದ ರೀತಿ ಬದಲಾಯಿತಾ, ಅದರಿಂದ ಫಲ ಸಿಕ್ಕಿತಾ. ಈಗಲೂ ಜಗತ್ತಿನಾದ್ಯಂತ ಬಳಕೆಯಲ್ಲಿರುವುದು ಇದೇ. ನಮ್ಮಲ್ಲಿ ಮೊದಲ ಮೆಟ್ಟಿಲಲ್ಲೇ ಕೂತು ಕಾಫಿ ಕುಡಿದು ಎದ್ದು ಹೋಗುವವರು ಜಾಸ್ತಿ.

ಮೊದಲ ಮೆಟ್ಟಿಲಿಗೆ ಅರ್ಧ ಪುಟ ಸಾಕು. ಅಂಕ ಕೇಳುವ ಬದಲು ಎರಡು ಪ್ರಶ್ನೆ ಕೇಳಿ. ನಿಮ್ಮ ಕೆಲಸಕ್ಕೆ ಸಂಬಂಧವೇ ಇಲ್ಲ ಅನ್ನಿಸಿದ ಭಾಗ ಯಾವುದು? ಮುಂದಿನ 30 ದಿನದಲ್ಲಿ ಮಾಡುವ ಒಂದು ಕೆಲಸ ಯಾವುದು? ಎರಡನೆಯದಕ್ಕೆ ಬಂದ ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮೂರು ತಿಂಗಳ ನಂತರ ಅದೇ ಹಾಳೆ ಹಿಡಿದುಕೊಂಡು ಹೋಗಿ ಕೇಳಬೇಕು.

ಹೆಜ್ಜೆ 3: ಕಲಿತದ್ದನ್ನು ಸನ್ನಿವೇಶ ಕೊಟ್ಟು ಪರೀಕ್ಷಿಸಿ

'ನಾಯಕತ್ವದ ಐದು ಗುಣಗಳನ್ನು ಬರೆಯಿರಿ' ಅಂತ ಕೇಳಿದರೆ ಜ್ಞಾಪಕಶಕ್ತಿ ಗೊತ್ತಾಗುತ್ತದೆ, ಅಷ್ಟೇ. ಅದರ ಬದಲು ಹೀಗೆ ಕೊಡಿ:

'ಶನಿವಾರ ಸಂಜೆ 5 ಗಂಟೆ. ಒಂದು ಪಿಎಚ್‌ಸಿಯ ಐಎಲ್‌ಆರ್ 11 ಡಿಗ್ರಿ ತೋರಿಸುತ್ತಿದೆ. ಕರೆಂಟಿಲ್ಲ. ಜನರೇಟರಿಗೆ ಡೀಸೆಲ್ ಇಲ್ಲ. ವೈದ್ಯಾಧಿಕಾರಿ ರಜೆಯಲ್ಲಿದ್ದಾರೆ. ಸೋಮವಾರ ಲಸಿಕೆ ಹಾಕುವ ದಿನ. ನೀವು ಮೊದಲ ಒಂದು ಗಂಟೆಯಲ್ಲಿ ಏನು ಮಾಡುತ್ತೀರಿ? ಯಾರಿಗೆ ಫೋನ್ ಮಾಡುತ್ತೀರಿ? ಏನನ್ನು ಬರೆದಿಡುತ್ತೀರಿ?'

ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು ಅಂತ ಎಲ್ಲರಿಗೂ ಬಾಯಿಪಾಠ ಬರುತ್ತದೆ. ಆದರೆ ಗಾಬರಿಯಲ್ಲಿ ಲಸಿಕೆಯನ್ನು ಡೀಪ್ ಫ್ರೀಜರಿಗೆ ತುಂಬುತ್ತೇನೆ ಅಂತ ಬರೆದವರನ್ನು ನಾನು ನೋಡಿದ್ದೇನೆ. ಪೆಂಟಾವೇಲೆಂಟ್, ಹೆಪಟೈಟಿಸ್ ಬಿ, ಟಿಡಿ ಲಸಿಕೆಗಳು ಹೆಪ್ಪುಗಟ್ಟಿದರೆ ಕೆಟ್ಟೇ ಹೋಗುತ್ತವೆ. ಸ್ವಲ್ಪ ಹೊತ್ತಿನ ಬಿಸಿಗಿಂತ ಅವಕ್ಕೆ ಹಿಮವೇ ದೊಡ್ಡ ಶತ್ರು. ಕೋಲ್ಡ್ ಬಾಕ್ಸಿನಲ್ಲಿ ಸ್ವಲ್ಪ ಕರಗಿಸಿ ಹದಮಾಡಿದ ಐಸ್‌ಪ್ಯಾಕ್ ಇಟ್ಟು, ಲಸಿಕೆ ತಂಪಾಗಿಡುವ ಹತ್ತಿರದ ಕೋಲ್ಡ್ ಚೈನ್ ಕೇಂದ್ರಕ್ಕೆ ಸಾಗಿಸುತ್ತೇನೆ, ವಯಲ್ ಮೇಲೆ ಬಿಸಿ ತಗುಲಿದರೆ ಬಣ್ಣ ಬದಲಿಸುವ ವಿವಿಎಂ ಗುರುತಿನ ಬಣ್ಣ ನೋಡಿ ಬರೆದಿಡುತ್ತೇನೆ, ಜಿಲ್ಲೆಯ ಲಸಿಕೆ ಕಾರ್ಯಕ್ರಮ ನೋಡಿಕೊಳ್ಳುವ ಆರ್‌ಸಿಎಚ್‌ಓ ಅವರಿಗೆ ತಿಳಿಸುತ್ತೇನೆ ಅಂತ ಬರೆದವರಿಗೆ ಪೂರ್ತಿ ಅಂಕ.

ಇದೇ ಸನ್ನಿವೇಶವನ್ನು ತರಬೇತಿಗೆ ಮೊದಲು ಕೊಡಿ, ಮುಗಿದ ಮೇಲೆ ಅಂಥದ್ದೇ ಇನ್ನೊಂದು ಕೊಡಿ. ಇಬ್ಬರು ಬೇರೆಬೇರೆಯಾಗಿ ತಿದ್ದಲಿ. ಯಾವ ಉತ್ತರ ಮೊದಲಿನದು, ಯಾವುದು ನಂತರದ್ದು ಅಂತ ತಿದ್ದುವವರಿಗೆ ಗೊತ್ತಾಗಬಾರದು. ಗೊತ್ತಾದರೆ ಕೈ ತಾನಾಗಿಯೇ ಉದಾರವಾಗುತ್ತದೆ.

ಇನ್ನೊಂದು ಸಣ್ಣ ಬಲೆ ಇದೆ. 'ನಿಮ್ಮ ನಿರ್ವಹಣಾ ಕೌಶಲಕ್ಕೆ ನೀವೇ ಅಂಕ ಕೊಡಿ' ಅಂತ ಮೊದಲ ದಿನ ಕೇಳಿದರೆ ಜನ ಹತ್ತಕ್ಕೆ 8 ಹಾಕುತ್ತಾರೆ. ತರಬೇತಿಯಲ್ಲಿ ತಮಗೆ ಏನೇನು ಬಾರದು ಅಂತ ತಿಳಿಯುತ್ತದೆ. ಕೊನೆಯ ದಿನ 7 ಹಾಕುತ್ತಾರೆ. ಕಾಗದದ ಮೇಲೆ ತರಬೇತಿ ಅವರನ್ನು ಕೆಡಿಸಿದಂತೆ ಕಾಣುತ್ತದೆ! ಸ್ವಂತ ಅಂಕ ಬೇಕೇ ಬೇಕು ಅಂತಿದ್ದರೆ ಎರಡನ್ನೂ ಕೊನೆಯ ದಿನವೇ ಕೇಳಿ. ಈಗ ಎಷ್ಟು? ಹಿಂತಿರುಗಿ ನೋಡಿದರೆ, ಬರುವಾಗ ಎಷ್ಟಿತ್ತು?

ಹೆಜ್ಜೆ 4: ತರಬೇತಿಗೆ ಮೊದಲಿನ ಚಿತ್ರ ತೆಗೆದಿಡಿ

ಇದನ್ನು ಬಿಟ್ಟರೆ ಆಮೇಲೆ ಎಷ್ಟು ಓಡಾಡಿದರೂ ಉಪಯೋಗವಿಲ್ಲ. ತರಬೇತಿ ಆದೇಶ ಹೊರಡುವ ಹೊತ್ತಿಗೆ ಹಿಂದಿನ ಆರು ತಿಂಗಳ ಲೆಕ್ಕ ಕೈಯಲ್ಲಿರಬೇಕು.

ಹೊಸದಾಗಿ ಸಮೀಕ್ಷೆ ಮಾಡಬೇಕಾಗಿಲ್ಲ. ಲಸಿಕೆಗೆ ಇ-ವಿನ್ ಎಂಬ ಆನ್‌ಲೈನ್ ವ್ಯವಸ್ಥೆ ಇದೆ, ಸ್ಟಾಕ್ ಮತ್ತು ಉಷ್ಣತೆ ಎರಡೂ ಅದರಲ್ಲಿ ಸಿಗುತ್ತವೆ. ಔಷಧಿಗೆ ಉಗ್ರಾಣದ ತಂತ್ರಾಂಶ, ಸ್ಟಾಕ್ ರಿಜಿಸ್ಟರ್, ಇಂಡೆಂಟ್ ಫೈಲು ಇವೆ. ಎಲ್ಲಾ ಔಷಧ ನೋಡಲು ಹೋಗಬೇಡಿ, ಮುಳುಗಿಹೋಗುತ್ತೀರಿ. ಎಂಟು ಹತ್ತು ಆರಿಸಿ. ಕಬ್ಬಿಣಾಂಶದ ಮಾತ್ರೆ, ಓಆರ್‌ಎಸ್, ಮೆಟ್‌ಫಾರ್ಮಿನ್, ಆಮ್ಲೋಡಿಪಿನ್, ಆಕ್ಸಿಟೋಸಿನ್, ಹಾವಿನ ವಿಷಕ್ಕೆ ಕೊಡುವ ಎಎಸ್‌ವಿ, ರೇಬೀಸ್ ಲಸಿಕೆ. ದಿನನಿತ್ಯ ಬೇಕಾದವು, ಋತುವಿಗೆ ತಕ್ಕಂತೆ ಏರಿಳಿಯುವವು, ತಂಪಿನಲ್ಲಿ ಇಡಬೇಕಾದವು, ಮೂರೂ ಬಗೆ ಇರಲಿ.

ಪ್ರತಿ ಔಷಧಕ್ಕೆ ನಾಲ್ಕು ಲೆಕ್ಕ. ತಿಂಗಳಲ್ಲಿ ಎಷ್ಟು ದಿನ ಖಾಲಿ ಇತ್ತು? ಎಷ್ಟು ರೂಪಾಯಿಯ ಸರಕು ಅವಧಿ ಮುಗಿದು ಹೋಯಿತು? ಪುಸ್ತಕದ ಲೆಕ್ಕಕ್ಕೂ ಕಪಾಟಿನ ಎಣಿಕೆಗೂ ಎಷ್ಟು ವ್ಯತ್ಯಾಸ? ಕೆಳಗಿನವರು ಕೇಳಿದ್ದರಲ್ಲಿ ಎಷ್ಟು ಪಾಲು ಕೊಟ್ಟರು? ಕಪಾಟಿನ ಎಣಿಕೆ ಮಾತ್ರ ನೀವೇ ಹೋಗಿ ಮಾಡಬೇಕು. 'ಬರ್ತೀವಿ' ಅಂತ ಮೂರು ದಿನ ಮೊದಲು ಹೇಳಿ ಹೋದರೆ ಪುಸ್ತಕ, ಕಪಾಟು ಎರಡೂ ಗಂಡ-ಹೆಂಡತಿಯಂತೆ ಒಪ್ಪಂದಕ್ಕೆ ಬಂದಿರುತ್ತವೆ.

ಹೆಜ್ಜೆ 5: ಮೂರು ತಾರೀಖು ಹುಡುಕಿ

ಒಂದೇ ಹೆಜ್ಜೆಗೆ ಸಮಯ ಇದೆ ಅಂದರೆ ಇದನ್ನೇ ಮಾಡಿ.

ಔಷಧ ಖಾಲಿಯಾಗುವುದು ಯಾವಾಗಲೂ ಉಗ್ರಾಣ ನೋಡಿಕೊಳ್ಳುವವರ ತಪ್ಪಲ್ಲ. ಟೆಂಡರ್ ನಿಂತಿರಬಹುದು. ಸರಬರಾಜುದಾರ ಕೈಕೊಟ್ಟಿರಬಹುದು. ಗುಣಮಟ್ಟದ ಪರೀಕ್ಷೆಯ ವರದಿ ಬಾರದೆ ಪೆಟ್ಟಿಗೆಗಳು ಹಾಗೇ ಬಿದ್ದಿರಬಹುದು. ಹಾಗಿರುವಾಗ 'ಖಾಲಿ ಇದ್ದ ದಿನ' ಒಂದನ್ನೇ ಹಿಡಿದು ತರಬೇತಿಯನ್ನು ಅಳೆದರೆ ಅನ್ಯಾಯ. ಅವರ ಕೈಯಲ್ಲಿ ಇಲ್ಲದ್ದಕ್ಕೆ ಅವರನ್ನು ಹೊಣೆ ಮಾಡಿದ ಹಾಗೆ.

ಅದಕ್ಕೆ ಪ್ರತಿ ಕೊರತೆಗೆ ಮೂರು ತಾರೀಖು ಹುಡುಕಿ. ಕೊರತೆ ಬರಲಿದೆ ಅಂತ ಲೆಕ್ಕದಲ್ಲಿ ಕಾಣಿಸಿದ ದಿನ. ಅದರ ಬಗ್ಗೆ ಯಾರಾದರೂ ಮೊದಲ ಸಲ ಕದಲಿದ ದಿನ, ಅಂದರೆ ಇಂಡೆಂಟ್, ಪತ್ರ, ಇಮೇಲ್, ವಾಟ್ಸಾಪ್ ಸಂದೇಶ ಏನೇ ಆಗಲಿ. ಮತ್ತು ಸರಕು ಬಂದ ದಿನ. ಮೊದಲನೆಯದರಿಂದ ಎರಡನೆಯದಕ್ಕೆ ಇರುವ ಅಂತರವನ್ನು ನಾನು 'ಮೌನದ ದಿನಗಳು' ಅನ್ನುತ್ತೇನೆ. ಅದು ಪೂರ್ತಿ ಮ್ಯಾನೇಜರ್ ಕೈಯಲ್ಲಿದೆ. ಎರಡನೆಯದರಿಂದ ಮೂರನೆಯದು ವ್ಯವಸ್ಥೆಯ ಕೈಯಲ್ಲಿದೆ.

ಒಂದು ಲೆಕ್ಕ ನೋಡೋಣ, ಅಂಕಿಗಳು ಉದಾಹರಣೆಗೆ ಮಾತ್ರ. ಮಳೆಗಾಲದಲ್ಲಿ ಒಂದು ಜಿಲ್ಲೆಗೆ ತಿಂಗಳಿಗೆ 100 ವಯಲ್ ಎಎಸ್‌ವಿ ಬೇಕು ಅಂದುಕೊಳ್ಳಿ. ಕೇಳಿದ ಮೇಲೆ ಬರಲು ಸುಮಾರು ಒಂದು ತಿಂಗಳು. ಅರ್ಧ ತಿಂಗಳ ಆಪತ್ಕಾಲದ ದಾಸ್ತಾನು ಇರಬೇಕು. ಅಂದರೆ 150ಕ್ಕೆ ಇಳಿದ ದಿನವೇ ಗಂಟೆ ಹೊಡೆಯಬೇಕು. ಜೂನ್ 3ಕ್ಕೆ ಸ್ಟಾಕ್ 150 ಆಯಿತು. ಇಂಡೆಂಟ್ ಹೋದದ್ದು ಜೂನ್ 24ಕ್ಕೆ, 80 ಉಳಿದಿದ್ದಾಗ. 80 ಅಂದರೆ ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಹಾವು ಕಚ್ಚಿ ವಿಷ ಏರಿದ ಒಬ್ಬ ರೋಗಿಗೆ ಮೊದಲ ಸುತ್ತಿನಲ್ಲೇ 8ರಿಂದ 10 ವಯಲ್ ಹೋಗುತ್ತದೆ. ಸರಕು 28 ದಿನಕ್ಕೆ, ಜುಲೈ 22ಕ್ಕೆ ಬಂತು. ಆದರೆ ಜುಲೈ 18ಕ್ಕೇ ಕಪಾಟು ಖಾಲಿ. ನಾಟಿ ಕೆಲಸದ ಕಾಲದಲ್ಲಿ ನಾಲ್ಕು ದಿನ ಒಂದು ವಯಲ್ಲೂ ಇಲ್ಲ.

ಇಲ್ಲಿ ಮೌನದ ದಿನ 21. ಅದೇ ಮ್ಯಾನೇಜರ್ ಜೂನ್ 7ಕ್ಕೆ ಕೇಳಿದ್ದರೆ, ವ್ಯವಸ್ಥೆ ಅದೇ 28 ದಿನ ತೆಗೆದುಕೊಂಡರೂ, ಜುಲೈ 5ಕ್ಕೆ ಸರಕು ಬರುವಾಗ ಕೈಯಲ್ಲಿ ಇನ್ನೂ 40ಕ್ಕಿಂತ ಹೆಚ್ಚು ಇರುತ್ತಿತ್ತು. ತರಬೇತಿ 21ನ್ನು 4 ಮಾಡಿತು ಅಂದರೆ ಅದು ಕೆಲಸ ಮಾಡಿದೆ.

ಈ ತಾರೀಖುಗಳು ಇಂಡೆಂಟ್ ಫೈಲಿನಲ್ಲಿ, ಟಪಾಲು ಪುಸ್ತಕದಲ್ಲಿ, ತಿಂಗಳ ಸಭೆಯ ನಡಾವಳಿಯಲ್ಲಿ ಸಿಗುತ್ತವೆ. ಒಂದು ಉಗ್ರಾಣಕ್ಕೆ ಅರ್ಧ ದಿನದ ಕೆಲಸ. ವ್ಯವಸ್ಥೆಯ ಪಾಲಿನ ಅಂತರವನ್ನೂ ಬರೆದುಕೊಳ್ಳಿ. ಮೌನದ ದಿನ ಇಳಿದು, ಸರಕು ಬರುವ ದಿನ ಮಾತ್ರ ಹಾಗೇ ಉಳಿದಿದ್ದರೆ, ಮುಂದಿನ ತರಬೇತಿ ಯಾರಿಗೆ ಬೇಕು ಅಂತ ಮೇಲಿನವರಿಗೆ ತೋರಿಸಲು ನಿಮ್ಮ ಹತ್ತಿರ ಪುರಾವೆ ಇರುತ್ತದೆ.

ಹೆಜ್ಜೆ 6: ಸುತ್ತಲಿನವರನ್ನು ಕೇಳಿ, ಆದರೆ ಹುಷಾರಾಗಿ

ಕಂಪನಿಗಳಲ್ಲಿ ಮೇಲಿನವರು, ಕೆಳಗಿನವರು, ಜೊತೆಯವರು ಎಲ್ಲರ ಅಭಿಪ್ರಾಯ ತೆಗೆದುಕೊಳ್ಳುವ ಪದ್ಧತಿ ಇದೆ. ಸರ್ಕಾರಿ ಕಚೇರಿಗೆ ಅದನ್ನು ಹಾಗೇ ತಂದರೆ ನಡೆಯುವುದಿಲ್ಲ. ಗುತ್ತಿಗೆ ಮೇಲಿರುವ ಕೋಲ್ಡ್ ಚೈನ್ ಹ್ಯಾಂಡ್ಲರ್ ತನ್ನ ಸಾಹೇಬರ ಬಗ್ಗೆ ಹಾಳೆಯ ಮೇಲೆ ಏನು ಬರೆದಾರು? 'ತುಂಬಾ ಒಳ್ಳೆಯವರು.' ಹೆಸರು ಬೇಡ ಅಂದರೂ ಅಕ್ಷರ ನೋಡಿ ಕಂಡುಹಿಡಿಯುತ್ತಾರೆ ಅನ್ನುವ ಭಯ ಇರುತ್ತದೆ.

ಹಾಗಾಗಿ ಗುಣ ಕೇಳಬೇಡಿ, ಘಟನೆ ಕೇಳಿ. 'ನಿಮ್ಮ ಮೇಲಧಿಕಾರಿ ಸಹಕಾರ ಕೊಡುತ್ತಾರಾ?' ಬೇಡ. 'ಕಳೆದ ತಿಂಗಳು ಉಗ್ರಾಣದಿಂದ ನಿಮಗೆ ಎಷ್ಟು ಸಲ ಫೋನ್ ಬಂತು? ಯಾವ ವಿಷಯಕ್ಕೆ? ನೀವು ಕೇಳಿದ್ದಕ್ಕಿಂತ ಕಡಿಮೆ ಕೊಟ್ಟಾಗ ಕಾರಣ ಹೇಳಿದರಾ?' ಇದಕ್ಕೆ ಉತ್ತರ ಹೇಳಲು ಯಾರಿಗೂ ಹೆದರಿಕೆ ಇಲ್ಲ. ಬಾಯಿಮಾತಿನಲ್ಲಿ ಕೇಳಿ, ಅವರ ಪಿಎಚ್‌ಸಿಗೇ ಹೋಗಿ ಕೇಳಿ. ಹತ್ತು ಪಿಎಚ್‌ಸಿಗಳ ಉತ್ತರ ಒಟ್ಟುಮಾಡಿಯೇ ವರದಿಯಲ್ಲಿ ಹಾಕಿ, ಬಿಡಿಯಾಗಿ ಹಾಕಬೇಡಿ.

ಹೆಜ್ಜೆ 7: ತರಬೇತಿ ಸಿಗದವರನ್ನೂ ನೋಡಿ

ಜ್ವರ ಏರಿದಾಗ ಔಷಧಿ ತೆಗೆದುಕೊಳ್ಳುತ್ತೇವೆ. ಏರಿದ್ದು ಹೇಗೂ ಇಳಿಯುತ್ತದೆ. ಹೆಸರು ಮಾತ್ರ ಔಷಧಿಗೆ. ಪರಿಸ್ಥಿತಿ ತೀರಾ ಕೆಟ್ಟಿರುವ ಜಿಲ್ಲೆಗಳನ್ನೇ ಆರಿಸಿ ತರಬೇತಿ ಕೊಟ್ಟರೂ ಹೀಗೇ ಆಗುತ್ತದೆ. ತರಬೇತಿ ಕೊಡದಿದ್ದರೂ ಅವುಗಳಲ್ಲಿ ಕೆಲವು ಸ್ವಲ್ಪ ಸುಧಾರಿಸುತ್ತಿದ್ದವು. ಜೊತೆಗೆ ಅದೇ ಅವಧಿಯಲ್ಲಿ ಹೊಸ ದರ ಒಪ್ಪಂದ ಆಗಿರಬಹುದು, ಹೊಸ ಐಎಲ್‌ಆರ್ ಬಂದಿರಬಹುದು.

ಸುಲಭದ ದಾರಿ ಇದೆ. ಎಲ್ಲರಿಗೂ ಒಂದೇ ಸಲ ತರಬೇತಿ ಕೊಡಲು ಹೇಗೂ ಆಗುವುದಿಲ್ಲ. ಮೊದಲ ತಂಡ, ಎರಡನೇ ತಂಡ ಅಂತ ಇರುತ್ತದೆ. ಯಾವ ಜಿಲ್ಲೆ ಯಾವ ತಂಡಕ್ಕೆ ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿ. ಎರಡನೇ ತಂಡ ತನ್ನ ಸರದಿಗೆ ಕಾಯುವ ಆರು ತಿಂಗಳು ನಿಮಗೆ ಹೋಲಿಕೆ ಸಿಕ್ಕಿತು.

ಕಲಿತ ತಂಡದಲ್ಲಿ ಮೌನದ ದಿನ 20ರಿಂದ 8ಕ್ಕೆ ಇಳಿಯಿತು, ಕಾಯುತ್ತಿದ್ದ ತಂಡದಲ್ಲಿ 19ರಿಂದ 14ಕ್ಕೆ ಇಳಿಯಿತು ಅಂದುಕೊಳ್ಳಿ. ಆಗ ತರಬೇತಿಯ ಪಾಲು 12 ಅಲ್ಲ, 12ರಲ್ಲಿ 5 ಕಳೆದರೆ ಉಳಿಯುವ 7 ದಿನ. ಐದಾರು ಜಿಲ್ಲೆಗಳ ಲೆಕ್ಕ ಇಟ್ಟುಕೊಂಡು ದಶಾಂಶದಲ್ಲಿ ಮಾತಾಡಬೇಡಿ. 'ಸುಮಾರು ಒಂದು ವಾರ' ಅಂದರೆ ಸಾಕು.

ಹೆಜ್ಜೆ 8: ವರ್ಗಾವಣೆಯ ಲೆಕ್ಕ

ವಿದೇಶಿ ಕೈಪಿಡಿಗಳು ಇದರ ಬಗ್ಗೆ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ನಮ್ಮಲ್ಲಿ ಇದೇ ದೊಡ್ಡ ತಲೆನೋವು. ಮೇ-ಜೂನ್ ವರ್ಗಾವಣೆ ಮುಗಿದ ಮೇಲೆ ಹೋಗಿ ನೋಡಿದರೆ, ಉಗ್ರಾಣದ ಬಗ್ಗೆ ಕಲಿತವರು ಬೇರೆ ವಿಭಾಗದಲ್ಲಿ ಕೂತಿರುತ್ತಾರೆ. ಅವರ ಕುರ್ಚಿಯಲ್ಲಿ ತರಬೇತಿಯ ಹೆಸರೂ ಕೇಳದವರು ಇರುತ್ತಾರೆ. ಇನ್ನು ಕೆಲವು ಕಡೆ 'ಕಳಿಸಲೇಬೇಕು' ಅಂತ ಆದೇಶ ಬಂದಾಗ ಕೈಗೆ ಸಿಕ್ಕವರನ್ನು ಕಳಿಸಿರುತ್ತಾರೆ. ಅವರಿಗೂ ಉಗ್ರಾಣಕ್ಕೂ ಸಂಬಂಧವೇ ಇರುವುದಿಲ್ಲ.

ಆದ್ದರಿಂದ ಎರಡು ಪಟ್ಟಿ ಇಟ್ಟುಕೊಳ್ಳಿ. ಒಂದು ವ್ಯಕ್ತಿಗಳದ್ದು, ಇನ್ನೊಂದು ಜಾಗಗಳದ್ದು. ತರಬೇತಿಗೆ ಬಂದ ದಿನ ಅವರ ಕೆಲಸ ನಿಜವಾಗಿ ಏನಾಗಿತ್ತು, ಆರನೇ ತಿಂಗಳಿಗೆ ಎಲ್ಲಿದ್ದಾರೆ, ಹನ್ನೆರಡನೇ ತಿಂಗಳಿಗೆ ಎಲ್ಲಿದ್ದಾರೆ ಅಂತ ಬರೆಯಿರಿ. 30 ಜನರಲ್ಲಿ ಅದೇ ಕೆಲಸದಲ್ಲಿ ಉಳಿದವರು 14 ಅಂದರೆ, ವರದಿಯ ಮೊದಲ ಸಾಲು ಅದೇ ಆಗಿರಬೇಕು.

ಹೋದವರ ಬಗ್ಗೆ ಒಂದು ವಿಷಯ ನೋಡಿ: ಅವರು ಏನನ್ನಾದರೂ ಬಿಟ್ಟುಹೋದರಾ? ಗೋಡೆಯ ಮೇಲಿನ ಫೋನ್ ಪಟ್ಟಿ, ಪ್ರತಿ ಔಷಧಕ್ಕೆ ಎಷ್ಟಕ್ಕಿಳಿದರೆ ಇಂಡೆಂಟ್ ಹಾಕಬೇಕು ಅಂತ ಬರೆದ ಚೀಟಿ, ತಿಂಗಳ ಮೊದಲ ಶನಿವಾರ ಎಣಿಕೆ ಮಾಡುವ ರೂಢಿ. ಹೊಸಬರು ಅದನ್ನು ಮುಂದುವರಿಸಿದ್ದರೆ ತರಬೇತಿ ಆ ಜಾಗಕ್ಕೆ ಅಂಟಿಕೊಂಡಿದೆ.

ಹೆಜ್ಜೆ 9: ಅತಿ ಚೆನ್ನಾಗಿ ಮಾಡಿದವರ ಬಳಿಗೂ ಏನೂ ಮಾಡದವರ ಬಳಿಗೂ ಹೋಗಿ

ಸರಾಸರಿ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಅಂಕಿ ಸಿಕ್ಕ ಮೇಲೆ ಮೇಲಿನ ಮೂವರನ್ನೂ ಕೆಳಗಿನ ಮೂವರನ್ನೂ ಆರಿಸಿ ಒಂದೊಂದು ದಿನ ಅವರ ಜೊತೆ ಕಳೆಯಿರಿ. ಚೆನ್ನಾಗಿ ಮಾಡಿದವರನ್ನು 'ಯಾರು ನಿಮಗೆ ಬೆನ್ನು ಕೊಟ್ಟರು?' ಅಂತ ಕೇಳಿ. ಮಾಡದವರನ್ನು 'ಮಾಡಲು ಹೋದಾಗ ಏನು ಅಡ್ಡ ಬಂತು?' ಅಂತ ಕೇಳಿ. ಎರಡನೆಯವರ ಹತ್ತಿರ ನನಗೆ ಜಾಸ್ತಿ ಕಲಿಯಲು ಸಿಕ್ಕಿದೆ. ಅವಧಿ ಹತ್ತಿರ ಬಂದ ಸರಕನ್ನು ಪಕ್ಕದ ತಾಲ್ಲೂಕಿಗೆ ಕೊಟ್ಟು ಆಮೇಲೆ ಆಡಿಟ್‌ನಲ್ಲಿ ವಿವರಣೆ ಕೊಡಬೇಕಾಗಿ ಬಂದವರೊಬ್ಬರು, 'ಇನ್ನೊಮ್ಮೆ ಕೈ ಹಾಕಲ್ಲ' ಅಂದರು. ಅವರಿಗೆ ಬೇಕಾಗಿದ್ದದ್ದು ಇನ್ನೊಂದು ತರಬೇತಿಯಲ್ಲ, ಒಂದು ಸುತ್ತೋಲೆ.

ಕಲಿತದ್ದು ಕೆಲಸದಲ್ಲಿ ಬಂತೋ ಇಲ್ಲವೋ ಅಂತ ನೋಡಲು ತರಬೇತಿಯ ರಚನೆಯಲ್ಲೇ ದಾರಿ ಮಾಡಿಕೊಂಡವರಿದ್ದಾರೆ. ಬಡ ದೇಶಗಳಿಗೆ ಲಸಿಕೆ ಸಿಗುವಂತೆ ನೋಡಿಕೊಳ್ಳುವ ಅಂತರರಾಷ್ಟ್ರೀಯ ಒಕ್ಕೂಟ ಗಾವಿ ಮತ್ತು ಅದರ ಜೊತೆಗಾರರು ಲಸಿಕೆ ಸರಬರಾಜು ಮ್ಯಾನೇಜರುಗಳಿಗಾಗಿ ನಡೆಸಿದ 'ಸ್ಟೆಪ್' ಕಾರ್ಯಕ್ರಮದಲ್ಲಿ ತರಗತಿ ಒಂದು ಭಾಗ ಮಾತ್ರ. ಕಲಿಯುವವರು ತಮ್ಮದೇ ಕೆಲಸದ ಒಂದು ಸಮಸ್ಯೆ ಆರಿಸಿಕೊಂಡು, ಮಾರ್ಗದರ್ಶಕರ ಜೊತೆ ತಿಂಗಳುಗಟ್ಟಲೆ ಅದರ ಮೇಲೆ ಕೆಲಸ ಮಾಡಬೇಕು. ಅಳೆಯುವವರಿಗೆ ಇದರಿಂದ ದೊಡ್ಡ ಅನುಕೂಲ. ಸಮಸ್ಯೆ ಕಣ್ಣೆದುರೇ ಇರುತ್ತದೆ, ಬಗೆಹರಿಯಿತೋ ಇಲ್ಲವೋ ಅಂತ ಹೋಗಿ ನೋಡಬಹುದು. ನಮ್ಮ ಎರಡು ದಿನದ ತರಬೇತಿಗೂ ಇದನ್ನು ಜೋಡಿಸಬಹುದು. ಬರುವಾಗಲೇ ಒಂದು ಸಮಸ್ಯೆಯನ್ನು ಅಂಕಿ ಸಮೇತ ಬರೆದುಕೊಂಡು ಬರಲು ಹೇಳಿ.

ಹೆಜ್ಜೆ 10: ಖರ್ಚು ಮತ್ತು ವರದಿ

ಖರ್ಚು ಅಂದರೆ ಹಾಲ್ ಬಾಡಿಗೆ, ಊಟ, ಟಿಎ-ಡಿಎ ಅಷ್ಟೇ ಅಲ್ಲ. ಉಗ್ರಾಣದವರು ಇಲ್ಲದ ಆ ಎರಡು ದಿನ ಅಲ್ಲಿ ಏನಾಯಿತು ಅಂತಲೂ ಕೇಳಿ. ಬೀಗದ ಕೈ ಅವರ ಜೇಬಿನಲ್ಲೇ ಇದ್ದು, ಪಿಎಚ್‌ಸಿಯಿಂದ ಬಂದ ಗಾಡಿ ಖಾಲಿ ವಾಪಸ್ ಹೋದದ್ದನ್ನು ನಾನು ಕಂಡಿದ್ದೇನೆ. ಇನ್ನೊಂದು ಕಡೆ, ಅವಧಿ ಮುಗಿದು ಹಾಳಾಗುತ್ತಿದ್ದ ಸರಕಿನ ಬೆಲೆ ಎಷ್ಟು ಇಳಿಯಿತು ಅಂತ ರೂಪಾಯಿಯಲ್ಲಿ ಹಾಕಿ. ಹಣಕಾಸಿನವರಿಗೆ ಬೇಗ ಅರ್ಥವಾಗುವ ಅಂಕಿ ಅದು.

ವರದಿ ಎರಡು ಪುಟ ದಾಟದಿರಲಿ. ಫೋಟೋಗಳ ಆಲ್ಬಂ ಬೇಡ, ದೀಪ ಬೆಳಗಿದ ಚಿತ್ರವಂತೂ ಬೇಡವೇ ಬೇಡ. ಎಷ್ಟು ಜನ ಇನ್ನೂ ಅದೇ ಕೆಲಸದಲ್ಲಿದ್ದಾರೆ, ಮೌನದ ದಿನ ಎಷ್ಟಿತ್ತು ಎಷ್ಟಾಯಿತು, ಹೋಲಿಕೆಯ ತಂಡದಲ್ಲಿ ಏನಾಯಿತು, ತರಬೇತಿಯಿಂದ ಬಗೆಹರಿಯದ ಅಡ್ಡಿಗಳು ಯಾವುವು, ಅವನ್ನು ತೆಗೆಯುವ ಅಧಿಕಾರ ಯಾವ ಕುರ್ಚಿಗಿದೆ. ಇಷ್ಟು ಇರಲಿ.

ಒಂದು ಪ್ರತಿ ಮಾಹಿತಿ ಕೊಟ್ಟ ಉಗ್ರಾಣದವರಿಗೂ ಹೋಗಲಿ, ಕನ್ನಡದಲ್ಲೇ. ಅವರ ಜಾಗದ ಅಂಕಿಯನ್ನು ಅವರಿಗೆ ಮಾತ್ರ ತೋರಿಸಿ. ಮುಂದಿನ ಸಲ ನೀವು ಹೋದಾಗ ರಿಜಿಸ್ಟರನ್ನು ಅವರೇ ತೆಗೆದು ಮುಂದಿಡುತ್ತಾರೆ.